ಸುದ್ದಿಯ ವೇಷ ತೊಟ್ಟು ಬರುವ ಆಪತ್ತು

2025ರ ಜನವರಿ 24ರ ಬೆಳಿಗ್ಗೆ ಕೇರಳದ ಪ್ರಮುಖ ಮಲಯಾಳಂ ಪತ್ರಿಕೆಗಳನ್ನು ಬಿಡಿಸಿದವರು ಬೆಚ್ಚಿಬಿದ್ದರು. ಇನ್ನು ಕಾಗದದ ನೋಟು ಇರುವುದಿಲ್ಲ, ಫೆಬ್ರುವರಿ 1ರಿಂದ ವಹಿವಾಟೆಲ್ಲ ಡಿಜಿಟಲ್ ಕರೆನ್ಸಿಯಲ್ಲೇ ಎಂದು ಮುಖಪುಟದ ಮುಖ್ಯ ಸುದ್ದಿ ಹೇಳುತ್ತಿತ್ತು. ನೋಟು ರದ್ದಾದ 2016ರ ನವೆಂಬರ್ 8ರ ರಾತ್ರಿಯನ್ನು ಮರೆಯದ ಜನ ಗಾಬರಿಗೊಂಡು ಬ್ಯಾಂಕಿನವರನ್ನೂ ಪರಿಚಯದವರನ್ನೂ ವಿಚಾರಿಸತೊಡಗಿದರು. ಟಿವಿ ವಾಹಿನಿಯೊಂದು ಬೆಳಗಿನ ಕಾರ್ಯಕ್ರಮದಲ್ಲಿ ಅದನ್ನು ನಿಜವಾದ ಸುದ್ದಿಯೆಂದೇ ತಿಳಿದು ಚರ್ಚಿಸಿತು. ಪುಟವನ್ನು ಸಾವಧಾನವಾಗಿ ನೋಡಿದವರಿಗೆ ಮಾತ್ರ ಅಲ್ಲಿದ್ದ ಇಸವಿ 2050 ಎಂಬುದು ಕಂಡಿತು. ಅದು ಬೆಂಗಳೂರು ಮೂಲದ ಜೈನ್ ವಿಶ್ವವಿದ್ಯಾಲಯದ ಕೊಚ್ಚಿ ಕ್ಯಾಂಪಸ್‌ನಲ್ಲಿ ನಡೆಯಲಿದ್ದ ‘ಭವಿಷ್ಯ’ ಕುರಿತ ಸಮಾವೇಶದ, ಮುಖಪುಟದ ಮೇಲೆ ಹೊದಿಸುವ ಜಾಕೆಟ್ ಜಾಹೀರಾತು. ಮುಂದೆ ಪ್ರೆಸ್ ಕೌನ್ಸಿಲ್ ಆಫ್ ಇಂಡಿಯಾ ಪತ್ರಿಕೆಗಳಿಂದ ವಿವರಣೆ ಕೇಳಿತು.

ಜಾಹೀರಾತು ಲೋಕದ ಮಾಪನದಲ್ಲಿ ಇದು ಜಾಣ ವಿನ್ಯಾಸವೇ. ಭವಿಷ್ಯದ ಬಗ್ಗೆ ಸಮಾವೇಶ, ಅದಕ್ಕೆ ಭವಿಷ್ಯದ ಪತ್ರಿಕೆ. ಇಸವಿಯನ್ನು ಅಚ್ಚು ಹಾಕಿದ್ದರಿಂದ ಸುಳ್ಳು ಹೇಳಿದಂತೆಯೂ ಆಗಲಿಲ್ಲ ಎಂಬ ವಾದವೂ ಸಿದ್ಧವಿರುತ್ತದೆ. ಆದರೆ ಮುದ್ರಣದಲ್ಲಿ ಸತ್ಯ ಇದ್ದರೆ ಸಾಲದು, ಅದು ಓದುಗನ ಕಣ್ಣಿಗೆ ಬೀಳಬೇಕು. ಲಕ್ಷಾಂತರ ಅಕ್ಷರಸ್ಥರು ದಿನವೂ ಪತ್ರಿಕೆ ಓದುವ ರಾಜ್ಯದಲ್ಲೇ, ಪತ್ರಿಕೋದ್ಯಮವೇ ವೃತ್ತಿಯಾದ ಟಿವಿ ಸ್ಟುಡಿಯೊದಲ್ಲೇ ಅದು ಕಣ್ಣಿಗೆ ಬೀಳಲಿಲ್ಲ. ಅಂದಿನ ವಿಷಯ ನೋಟು. ನಾಳೆ ಅದೇ ತಂತ್ರ ನೆಲದ ವಿಷಯಕ್ಕೆ ಬಂದರೆ ಏನಾಗುತ್ತದೆ ಎಂಬುದೇ ಈ ಲೇಖನದ ಕಾಳಜಿ. ನೆಲದ ವಿಷಯ ಎಂದಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳಷ್ಟು ಸೂಕ್ಷ್ಮ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ವಿನ್ಯಾಸದ ನಿಯಮ ಮುರಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕನ್ನಡ ಪತ್ರಿಕೋದ್ಯಮದ ದೊಡ್ಡ ಗಳಿಗೆಗಳಲ್ಲಿ ಕೆಲವು ನಿಯಮ ಮುರಿದೇ ಬಂದಿವೆ. 1980ರ ಜುಲೈನಲ್ಲಿ ಪಿ. ಲಂಕೇಶ್ ತಮ್ಮ ವಾರಪತ್ರಿಕೆ ಆರಂಭಿಸಿದಾಗ ಜಾಹೀರಾತೇ ಬೇಡವೆಂದರು. ಜಾಹೀರಾತಿಲ್ಲದೆ ಪತ್ರಿಕೆ ಬದುಕದು ಎಂಬ ವ್ಯಾಪಾರದ ನಿಯಮವನ್ನು ಅವರ ಓದುಗರ ದುಡ್ಡೇ ಸುಳ್ಳು ಮಾಡಿತು. 2012ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನ, ‘ಪ್ರಜಾವಾಣಿ’ ತನ್ನ ಸಂಚಿಕೆಯನ್ನು ಸುದ್ದಿಮನೆಯ ಹೊರಗಿನ ಸಾಹಿತಿ ದೇವನೂರ ಮಹಾದೇವರ ಕೈಗೆ, ಅತಿಥಿ ಸಂಪಾದಕರಾಗಿ, ಕೊಟ್ಟಿತು. ತುರ್ತುಪರಿಸ್ಥಿತಿ ಹೇರಿದ ಮೂರನೆಯ ದಿನ, 1975ರ ಜೂನ್ 28ರಂದು, ಇಂಗ್ಲಿಷಿನ ‘ಇಂಡಿಯನ್ ಎಕ್ಸ್‌ಪ್ರೆಸ್’ ಕೂಡ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತು. ಆ ಬಿಳಿ ಜಾಗ ಏನು ಹೇಳುತ್ತಿದೆ ಎಂಬುದು ಎಲ್ಲರಿಗೂ ಅರ್ಥವಾಗಿತ್ತು. ಅಮೆರಿಕದಲ್ಲಿ 1994ರಲ್ಲಿ ಡೇವಿಡ್ ಕಾರ್ಸನ್ ಎಂಬ ವಿನ್ಯಾಸಕ, ‘ರೇ ಗನ್’ ಸಂಗೀತ ಪತ್ರಿಕೆಯ ಸಂದರ್ಶನವೊಂದನ್ನು ಇಡಿಯಾಗಿ ಓದಲಾಗದ ಚಿಹ್ನೆಗಳ ಫಾಂಟಿನಲ್ಲಿ ಜೋಡಿಸಿದ. ಸಂದರ್ಶನ ಸಪ್ಪೆಯಾಗಿತ್ತು ಎಂಬುದು ಅವನ ಕಾರಣ. ಓದುಗ ಸಿಟ್ಟಾಗಿರಬಹುದು, ಮೋಸ ಹೋಗಲಿಲ್ಲ.

ಇವೆಲ್ಲದರಲ್ಲಿ ಮುರಿದ ನಿಯಮ ಯಾವುದು ಎಂಬುದು ಓದುಗನಿಗೆ ಕಾಣುತ್ತಿತ್ತು. ಕೇರಳದ ಪುಟದಲ್ಲಿ ಮುರಿದದ್ದು ಬೇರೆಯೇ ನಿಯಮ: ಇದು ವರದಿಗಾರ ಕಂಡು ಬರೆದದ್ದು, ಇದು ದುಡ್ಡು ಕೊಟ್ಟು ಹಾಕಿಸಿದ್ದು ಎಂದು ಬೇರ್ಪಡಿಸುವ ಗೆರೆ. ಆ ಗೆರೆ ಅಳಿದದ್ದು ಕಾಣದಂತೆ ಇದ್ದಾಗಲೇ ಜಾಹೀರಾತು ಫಲ ಕೊಡುತ್ತದೆ. ಯಶಸ್ಸು ಓದುಗನ ತಪ್ಪು ತಿಳಿವಳಿಕೆಯ ಮೇಲೆ ನಿಂತಿರುವ ವಿನ್ಯಾಸವನ್ನು ಸೃಜನಶೀಲತೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಓದುಗನನ್ನೇ ದೂರುವವರಿದ್ದಾರೆ. ‘ಮೂಲೆಯಲ್ಲಿ ಜಾಹೀರಾತು ಎಂದು ಹಾಕಿದ್ದೆವಲ್ಲ?’ ಎನ್ನುತ್ತಾರೆ. ಈ ಪ್ರಶ್ನೆಗೆ ಪ್ರಯೋಗಗಳು ಉತ್ತರ ಕೊಟ್ಟು ವರ್ಷಗಳೇ ಕಳೆದಿವೆ. ಜಾರ್ಜಿಯಾ ವಿಶ್ವವಿದ್ಯಾಲಯದ ಬಾರ್ಟೋಷ್ ವೊಯ್ಡಿನ್‌ಸ್ಕಿ ಮತ್ತು ನಥಾನಿಯಲ್ ಇವಾನ್ಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 242 ಜನರಿಗೆ ಸುದ್ದಿಯ ರೂಪದ ಜಾಹೀರಾತು ತೋರಿಸಲಾಯಿತು. ಅದು ಜಾಹೀರಾತೆಂದು ಗುರುತು ಹಿಡಿದವರು 17 ಜನ. ಶೇ 8ಕ್ಕೂ ಕಡಿಮೆ. ಎರಡನೆಯ ಪ್ರಯೋಗದಲ್ಲಿ ಓದುಗರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂಬುದನ್ನು ಉಪಕರಣದಿಂದ ಅಳೆದರು. ಎಲ್ಲರೂ ಇಡುವ ಜಾಗದಲ್ಲಿ, ಅಂದರೆ ಪುಟದ ನೆತ್ತಿಯ ಮೇಲೆ ಲೇಬಲ್ ಇಟ್ಟಾಗ ಅದನ್ನು ಗಮನಿಸಿದವರು ಸುಮಾರು ಶೇ 40. ಕೆಳಗೆ ಇಟ್ಟಾಗ ಶೇ 60. ಬರಹದ ನಡುವೆ ಇಟ್ಟಾಗ ಶೇ 90. ಕಣ್ಣು ತಲೆಬರಹಕ್ಕೆ ಬಿದ್ದು ಅಲ್ಲಿಂದ ಕೆಳಕ್ಕೆ ಇಳಿಯುತ್ತದೆ. ಅದರ ಮೇಲೆ ಇರುವುದನ್ನು ಅದು ಅಲಂಕಾರವೆಂದು ದಾಟಿಬಿಡುತ್ತದೆ.

ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇತಿಹಾಸ ಶಿಕ್ಷಣ ತಂಡ 203 ಮಾಧ್ಯಮಿಕ ಶಾಲಾ ಮಕ್ಕಳಿಗೆ ಸುದ್ದಿತಾಣವೊಂದರ ಪುಟ ತೋರಿಸಿತು. ‘ಪ್ರಾಯೋಜಿತ’ ಎಂದು ಅಚ್ಚಾಗಿದ್ದ ಬರಹವನ್ನು ಶೇ 80ಕ್ಕೂ ಹೆಚ್ಚು ಮಕ್ಕಳು ನಿಜವಾದ ಸುದ್ದಿ ಎಂದರು. ಪದ ಕಾಣದೆ ಹೋದದ್ದು ಒಂದು ಕಷ್ಟ. ಕಂಡರೂ ಅದರ ಅರ್ಥ ತಿಳಿಯದೆ ಹೋದದ್ದು ಇನ್ನೊಂದು.

ನಮ್ಮ ಪತ್ರಿಕೆಗಳಲ್ಲಿ ಈ ಲೇಬಲ್ ಹೇಗಿರುತ್ತದೆ ನೋಡಿ. ಒಂದು ಪುಟ ತೆಗೆದುಕೊಳ್ಳೋಣ. ಸುದ್ದಿಗೆ ಬಳಸುವ ಅದೇ ಅಕ್ಷರ, ಅದೇ ಅಂಕಣದ ಅಗಲ, ಊರಿನ ಹೆಸರಿನಿಂದ ಶುರುವಾಗುವ ಮೊದಲ ಸಾಲು, ಟೇಪು ಕತ್ತರಿಸುತ್ತಿರುವ ಚಿತ್ರ, ಪಕ್ಕದಲ್ಲಿ ಒಂದು ಬಾಕ್ಸ್ ಐಟಂ. ಬಲ ಮೂಲೆಯಲ್ಲಿ, ಸುದ್ದಿಯ ಅಕ್ಷರಕ್ಕಿಂತ ಚಿಕ್ಕದಾಗಿ, ತೆಳು ಬೂದು ಬಣ್ಣದಲ್ಲಿ ಒಂದು ಪದ. ಅದು ‘ಜಾಹೀರಾತು’ ಎಂದಿದ್ದರೆ ಪುಣ್ಯ. ‘ಮಾರ್ಕೆಟಿಂಗ್ ಫೀಚರ್’, ‘ಅಡ್ವರ್ಟೋರಿಯಲ್’, ‘ಇನಿಶಿಯೇಟಿವ್’ ಎಂದು ಇರುವುದೇ ಹೆಚ್ಚು. ಇನ್ನು ಆ ಪತ್ರಿಕೆ ಓದುವ ಜಾಗಕ್ಕೆ ಬನ್ನಿ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹೋಟೆಲಿನಲ್ಲೋ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡು ಮಾರುಕಟ್ಟೆಯ ಎದುರಿನ ಕ್ಷೌರದಂಗಡಿಯಲ್ಲೋ ಒಂದು ಪ್ರತಿ ಐದಾರು ಕೈ ಬದಲಿಸುತ್ತದೆ. ನಾಲ್ಕಾಗಿ ಮಡಿಚಿದ ಹಾಳೆಯಲ್ಲಿ ನೆತ್ತಿಯ ಮೂಲೆ ಒಳಗೆ ಹೋಗಿರುತ್ತದೆ. ಓದಿದವನು ಫೋಟೊ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಬೇಕಾದ ಸುದ್ದಿಯಷ್ಟನ್ನೇ ಕತ್ತರಿಸಿ ಹಾಕುತ್ತಾನೆ. ಮೂಲೆಯ ಬೂದು ಪದ ಆಗಲೇ ಹೊರಗೆ ಉಳಿಯಿತು.

ಲೇಬಲ್ ಕತ್ತರಿಸಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ಸಾಕ್ಷ್ಯ ಬೆಂಗಳೂರಿನಲ್ಲೇ ಇದೆ. ಪಾಕಿಸ್ತಾನದ ಕರಾಚಿಯಲ್ಲಿ ಕಾಣೆಯಾಗುವ ಮಕ್ಕಳ ಬಗ್ಗೆ ಜಾಗೃತಿಗಾಗಿ ಒಂದು ಕಿರುಚಿತ್ರ ಮಾಡಿದ್ದರು. ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಬೈಕಿನಲ್ಲಿ ಬಂದ ಇಬ್ಬರು ಎತ್ತಿಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಮಗುವನ್ನು ಇಳಿಸಿ, ಒಂದು ಮಗುವನ್ನು ಕದಿಯಲು ಕ್ಷಣ ಸಾಕು ಎಂದು ಎಚ್ಚರಿಸುವ ಫಲಕ ಹಿಡಿಯುತ್ತಾರೆ. ಚಿತ್ರವನ್ನು ಸಿಸಿಟಿವಿ ದೃಶ್ಯದ ಹಾಗೆಯೇ ವಿನ್ಯಾಸ ಮಾಡಿದ್ದರು. ಅದರ ಶಕ್ತಿ ಇದ್ದದ್ದೇ ಆ ಅನುಕರಣೆಯಲ್ಲಿ. ಉದ್ದೇಶವೂ ಒಳ್ಳೆಯದೇ. ಯಾರೋ ಕೊನೆಯ ಕೆಲವು ಸೆಕೆಂಡು ಕತ್ತರಿಸಿದರು. 2018ರಲ್ಲಿ ಅದು ಮಕ್ಕಳ ಕಳ್ಳರ ನಿಜ ದೃಶ್ಯವೆಂದು ಭಾರತದ ಮೊಬೈಲುಗಳಲ್ಲಿ ಹರಿದಾಡಿತು. ಆ ವರ್ಷದ ಮೇ 23ರಂದು ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಕಟ್ಟಿ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಐವರನ್ನು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಇದೇ ವದಂತಿಗೆ ಬಲಿಯಾದರು. ವಾಟ್ಸ್ಆ್ಯಪ್ ಸಂದೇಶಗಳನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದೆಂಬ ಮಿತಿ ಭಾರತದಲ್ಲಿ ಬಂದದ್ದು ಆ ಜುಲೈನಲ್ಲಿ, ಇಷ್ಟೆಲ್ಲ ಆದ ಮೇಲೆ.

ಕರಾಚಿಯ ವಿನ್ಯಾಸಕರು ಯಾರನ್ನೂ ಕೊಲ್ಲಿಸಲು ಹೊರಟವರಲ್ಲ. ಆದರೆ ನಿಜದ ರೂಪವನ್ನು ಪೂರ್ತಿ ಎರವಲು ಪಡೆದು, ‘ಇದು ನಿಜವಲ್ಲ’ ಎಂಬ ಮಾತನ್ನು ಸುಲಭವಾಗಿ ಕತ್ತರಿಸಬಹುದಾದ ಒಂದೇ ಜಾಗದಲ್ಲಿ ಇಟ್ಟ ತೀರ್ಮಾನ ಅವರದು. ಮುದ್ರಣವಿರಲಿ, ಪರದೆಯಿರಲಿ, ಇಂದು ಯಾವ ಕೃತಿಯೂ ತಾನು ಹುಟ್ಟಿದ ಚೌಕಟ್ಟಿನಲ್ಲಿ ಉಳಿಯುವುದಿಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿನ್ಯಾಸ ಅಪಾಯಕಾರಿ ವಿನ್ಯಾಸ. ಹಾಗೆಂದು ಹೇಳಲು ಇನ್ನೊಂದು ಸಾವಿಗಾಗಿ ಕಾಯಬೇಕಿಲ್ಲ.

ಈಗ ನಮ್ಮ ಜಿಲ್ಲೆಗೆ ಬರೋಣ. 2008ರ ಮೇನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಇಲ್ಲಿನ ನೆಲದ ಬೆಲೆಯನ್ನು ಮಳೆ–ಬೆಳೆಗಿಂತ ಸುದ್ದಿಯೇ ನಿರ್ಧರಿಸುತ್ತಿದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ರಿಂಗ್ ರಸ್ತೆ, ಹೊಸಕೋಟೆಯಿಂದ ಹೊರಡುವ ಚೆನ್ನೈ ಎಕ್ಸ್‌ಪ್ರೆಸ್ ವೇ, ದೇವನಹಳ್ಳಿಯ ಫಾಕ್ಸ್‌ಕಾನ್ ಘಟಕ, ದೊಡ್ಡಬಳ್ಳಾಪುರ–ದಾಬಸ್‌ಪೇಟೆ ನಡುವಿನ ‘ಕ್ವಿನ್ ಸಿಟಿ’ ಯೋಜನೆ, ಒಂದೊಂದರ ಘೋಷಣೆಯೂ ಎಕರೆಯ ದರವನ್ನು ಅಲುಗಿಸಿದೆ. ಸುದ್ದಿ ಕೆಡುಕಿನದಾದರೂ ಹಾಗೆಯೇ. 2022ರ ಆರಂಭದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ರೈತರು 2022ರ ಏಪ್ರಿಲ್ 4ರಂದು ಧರಣಿ ಕುಳಿತರು. 1,198 ದಿನ ಕಳೆದ ಮೇಲೆ, 2025ರ ಜುಲೈ 15ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಭೂಸ್ವಾಧೀನ ಕೈಬಿಟ್ಟಿದ್ದಾಗಿ ಪ್ರಕಟಿಸಿದರು. ಆ ಮೂರು ವರ್ಷ ಆ ಹಳ್ಳಿಗಳ ಜನ ಪ್ರತಿದಿನ ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ಹುಡುಕುತ್ತಿದ್ದದ್ದು ಒಂದೇ: ನಮ್ಮ ಸರ್ವೆ ನಂಬರು ಒಳಗಿದೆಯೋ ಹೊರಗಿದೆಯೋ.

ಇಂಥ ಕಾತರದಲ್ಲಿರುವ ಊರಿಗೆ ಸುದ್ದಿಯ ರೂಪದ ಸುಳ್ಳು ಬಂದರೆ ಏನಾಗುತ್ತದೆ? ‘ಸ್ವಾಧೀನ ಖಚಿತ, ಪರಿಹಾರ ಅರ್ಧ’ ಎಂಬ ಒಂದು ನ್ಯೂಸ್ ಕಾರ್ಡ್ ಸಾಕು. ಕೆಂಪು ಪಟ್ಟಿ, ಹಳದಿ ಅಕ್ಷರ, ಮೂಲೆಯಲ್ಲಿ ವಾಹಿನಿಯ ಲೋಗೊ. ಹೆದರಿದ ರೈತ ಮರುದಿನವೇ ಬ್ರೋಕರ್ ಹೇಳಿದ ದರಕ್ಕೆ ಅಗ್ರಿಮೆಂಟ್ ಮಾಡಿಕೊಳ್ಳುತ್ತಾನೆ. ಇದಕ್ಕೆ ತಿರುಗುಮುರುಗಾಗಿ, ‘ನಿಮ್ಮ ಹೋಬಳಿಗೆ ಮೆಟ್ರೊ’ ಎಂಬ ಪುಟ ನಂಬಿ ನಗರದ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಭೂಪರಿವರ್ತನೆಯೇ ಆಗದ ಜಮೀನಿನ ರೆವಿನ್ಯೂ ಸೈಟಿಗೆ ಜೀವಮಾನದ ಉಳಿತಾಯ ಸುರಿಯುತ್ತಾಳೆ. ತಪ್ಪು ಸುದ್ದಿ ನಂಬಿ ತಪ್ಪಾಗಿ ಮತ ಹಾಕಿದರೆ ಐದು ವರ್ಷಕ್ಕೆ ತಿದ್ದಿಕೊಳ್ಳಬಹುದು. ಮಾರಿದ ಜಮೀನು ಮೂರು ತಲೆಮಾರಿಗೂ ಹಿಂತಿರುಗುವುದಿಲ್ಲ.

ಇದು ಅತಿಯಾದ ಭಯ ಎನ್ನುವವರು 2023ರ ಡಿಸೆಂಬರ್ ನೆನಪಿಸಿಕೊಳ್ಳಲಿ. ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಆಗ ಸಾರ್ವಜನಿಕವಾಗಿ ಎಚ್ಚರಿಸಿದರು: ತಾವು ಯಾವುದೋ ಟ್ರೇಡಿಂಗ್ ಆ್ಯಪ್‌ಗಳಲ್ಲಿ ಹಣ ಹೂಡಿರುವುದಾಗಿ ಸುಳ್ಳು ಸುದ್ದಿ ಹರಡುತ್ತಿದೆ, ಅದು ಬರುತ್ತಿರುವುದು ಜನಪ್ರಿಯ ಪತ್ರಿಕೆಗಳ ಜಾಲತಾಣಗಳ ಸೋಗು ಹಾಕಿದ ತಾಣಗಳಲ್ಲಿ, ಕೆಲವದರಲ್ಲಿ ಡೀಪ್‌ಫೇಕ್ ಚಿತ್ರ–ವಿಡಿಯೊ ಬಳಸಿ ಹುಸಿ ಸಂದರ್ಶನವೂ ಇದೆ ಎಂದು. ಮುಂದಿನ ವರ್ಷ ಬೆಂಗಳೂರಿನ ಇಬ್ಬರು, ಮೂರ್ತಿ ಮತ್ತು ಮುಕೇಶ್ ಅಂಬಾನಿ ಅವರ ಡೀಪ್‌ಫೇಕ್ ನಂಬಿ ಸುಮಾರು 87 ಲಕ್ಷ ರೂಪಾಯಿ ಕಳೆದುಕೊಂಡ ಪ್ರಕರಣ ಪೊಲೀಸರ ಮುಂದೆ ಬಂತು. ಹಿಂದೆ ಒಂದು ಪತ್ರಿಕೆಯ ಪುಟವನ್ನು ಹೋಲುವಂತೆ ಮಾಡಲು ಪುಟ ವಿನ್ಯಾಸಕ, ಫಾಂಟು, ಮುದ್ರಣಾಲಯ ಬೇಕಿದ್ದವು. ಆ ಖರ್ಚೇ ಒಂದು ಬೇಲಿಯಾಗಿತ್ತು. ಈಗ ಮೊಬೈಲಿನಲ್ಲೇ ಐದು ನಿಮಿಷದಲ್ಲಿ ಕನ್ನಡ ಅಕ್ಷರ, ಪರಿಚಿತ ನಿರೂಪಕಿಯ ಮುಖ, ಅವರದೇ ಧ್ವನಿ ಎಲ್ಲವೂ ಸಿದ್ಧ.

ಇಲ್ಲಿಯೇ ಪತ್ರಿಕೆಗಳ ಹೊಣೆ ಬರುತ್ತದೆ, ಮತ್ತು ನನ್ನ ಆತಂಕದ ತಿರುಳೂ ಇದೇ. ವಂಚಕ ಬಳಸಿಕೊಳ್ಳುವ ನಂಬಿಕೆ ಅವನು ಗಳಿಸಿದ್ದಲ್ಲ. ಪತ್ರಿಕೆಗಳು ತಲೆಮಾರುಗಳ ಕಾಲ ಕಟ್ಟಿದ್ದು. ತಲೆಬರಹ, ಅಂಕಣ, ಡೇಟ್‌ಲೈನ್ ಇದ್ದರೆ ಯಾರೋ ಒಬ್ಬರು ಹೋಗಿ ವಿಚಾರಿಸಿ ಬರೆದಿದ್ದಾರೆ ಎಂದು ಓದುಗ ಕಲಿತಿದ್ದಾನೆ. ಅದೇ ರೂಪವನ್ನು ಪತ್ರಿಕೆಯೇ ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಮಾರಿದಾಗ ಎರಡು ಹಾನಿ ಒಟ್ಟಿಗೆ ಆಗುತ್ತವೆ. ನಂಬುವವನು ಮೋಸ ಹೋಗುತ್ತಾನೆ. ಒಮ್ಮೆ ಮೋಸ ಹೋದವನು ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ. ಸಂಶೋಧಕ ಗೋರ್ಡನ್ ಪೆನಿಕುಕ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ ತೋರಿಸಿದೆ: ಕೆಲವು ಸುಳ್ಳುಗಳಿಗೆ ಮಾತ್ರ ಎಚ್ಚರಿಕೆಯ ಪಟ್ಟಿ ಹಚ್ಚಿದರೆ, ಪಟ್ಟಿಯಿಲ್ಲದ ಸುಳ್ಳುಗಳನ್ನು ಜನ ಹೆಚ್ಚು ನಂಬತೊಡಗುತ್ತಾರೆ. ಅರೆಬರೆ ಲೇಬಲ್ ಪದ್ಧತಿ ಹಾಗಾದರೆ ನಿರುಪಯೋಗಿ ಮಾತ್ರವಲ್ಲ, ಹಾನಿಕರ.

ಕಾನೂನು ಇಲ್ಲವೆಂದಲ್ಲ. ಜಾಹೀರಾತು ಸುದ್ದಿಯಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕೆಂದು ಪ್ರೆಸ್ ಕೌನ್ಸಿಲ್‌ನ ಆಚಾರಸಂಹಿತೆ ಹೇಳುತ್ತದೆ. ಆದರೆ 1978ರ ಕಾಯ್ದೆ ಕೌನ್ಸಿಲ್‌ಗೆ ಕೊಟ್ಟಿರುವುದು ಎಚ್ಚರಿಸುವ, ಖಂಡಿಸುವ ಅಧಿಕಾರ ಮಾತ್ರ, ದಂಡ ಹಾಕುವ ಅಧಿಕಾರವಿಲ್ಲ. ‘ಕಾಸಿಗಾಗಿ ಸುದ್ದಿ’ ಕುರಿತು ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರಿದ್ದ ಕೌನ್ಸಿಲ್‌ನ ಉಪಸಮಿತಿ 2010ರಲ್ಲಿ ವಿವರವಾದ ವರದಿ ಕೊಟ್ಟಿತ್ತು. ಮುಂದಿನ ವರ್ಷ ಉತ್ತರ ಪ್ರದೇಶದ ಶಾಸಕಿಯೊಬ್ಬರು ಕಾಸಿಗಾಗಿ ಸುದ್ದಿಯ ಖರ್ಚು ಮುಚ್ಚಿಟ್ಟದ್ದಕ್ಕೆ ಚುನಾವಣಾ ಆಯೋಗದಿಂದ ಅನರ್ಹಗೊಂಡರು. ಶಿಕ್ಷೆ ಅಭ್ಯರ್ಥಿಗೆ ಆಯಿತು, ಪುಟ ಮಾರಿದವರಿಗೆ ಆಗಲಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ವೇದಿಕೆಗಳ 13 ಬಗೆಯ ಮೋಸದ ವಿನ್ಯಾಸಗಳನ್ನು ನಿಷೇಧಿಸಿ ಮಾರ್ಗಸೂಚಿ ತಂದಿತು. ಸುದ್ದಿಯ ಸೋಗಿನ ಜಾಹೀರಾತು ಅವುಗಳಲ್ಲಿ ಒಂದು. ಮೋಸದ ವಿನ್ಯಾಸವೂ ತಪ್ಪೇ ಎಂದು ನಮ್ಮ ದೇಶದ ನಿಯಮವೊಂದು ನೇರವಾಗಿ ಹೇಳಿರುವುದು ಸಣ್ಣ ಸಂಗತಿಯಲ್ಲ.

ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯನ್ನೂ ನೋಡಿ. ನೋಂದಣಿಯಾಗದ ಯೋಜನೆಯ ಜಾಹೀರಾತು ನೀಡುವಂತಿಲ್ಲ ಎನ್ನುತ್ತದೆ 3ನೆಯ ಕಲಂ. ಜಾಹೀರಾತಿನ ಸುಳ್ಳು ನಂಬಿ ಮುಂಗಡ ಕೊಟ್ಟವರಿಗೆ ನಷ್ಟವಾದರೆ ಪರಿಹಾರವೋ, ಬಡ್ಡಿಸಹಿತ ಹಣ ವಾಪಸೋ ಸಿಗಬೇಕು ಎನ್ನುತ್ತದೆ 12ನೆಯ ಕಲಂ. ಒಳ್ಳೆಯ ರಕ್ಷಣೆ. ಆದರೆ ಸುಳ್ಳು ಬಂದದ್ದು ಸುದ್ದಿಯ ಅಂಗಿ ತೊಟ್ಟು ಎಂದಾಗ, ಅದು ಜಾಹೀರಾತೇ ಆಗಿತ್ತು ಎಂದು ಸಾಧಿಸುವ ಹೊರೆ ಸೈಟು ಕೊಂಡವರ ಹೆಗಲಿಗೆ ಬೀಳುತ್ತದೆ. ವೇಷ ಬದಲಿಸುವುದರಿಂದ ಓದುಗನ ವಿವೇಚನೆಯ ಜೊತೆಗೆ ಕಾನೂನಿನ ಕೈಯೂ ತಪ್ಪುತ್ತದೆ.

ವಿನ್ಯಾಸವನ್ನು ನೈತಿಕತೆಯ ವಿಷಯವೆಂದು ನೋಡಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಅನಾಯಾಸವಾಗಿ ಉತ್ತರ ಕೊಟ್ಟಿದೆ. ದಾರಿ ತಪ್ಪಿಸುವ ಔಷಧ ಜಾಹೀರಾತಿಗಾಗಿ ಪತಂಜಲಿ ಸಂಸ್ಥೆ 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಿದ್ದಾಗಿ ಹೇಳಿದಾಗ ನ್ಯಾಯಪೀಠ ಕೇಳಿದ್ದು, ಕ್ಷಮಾಪಣೆಯ ಗಾತ್ರ ನಿಮ್ಮ ಜಾಹೀರಾತುಗಳ ಗಾತ್ರದಷ್ಟಿದೆಯೇ ಎಂದು. ದೊಡ್ಡದು ಮಾಡಿದ ಪ್ರತಿ ಬೇಡ, ಪತ್ರಿಕೆಯ ಅಸಲಿ ತುಣುಕನ್ನೇ ತನ್ನಿ ಎಂದಿತು. ಮರುದಿನ ದೊಡ್ಡ ಕ್ಷಮಾಪಣೆ ಬಂತು. ಅಕ್ಷರದ ಅಳತೆಯಲ್ಲೇ ಪ್ರಾಮಾಣಿಕತೆ ಇರುತ್ತದೆ, ಅಪ್ರಾಮಾಣಿಕತೆಯೂ ಇರುತ್ತದೆ.

ಆದ್ದರಿಂದ ಪತ್ರಿಕೆ, ವಾಹಿನಿ, ಜಾಲತಾಣಗಳ ಸಂಪಾದಕರಲ್ಲಿ ಮತ್ತು ಪುಟ ಕಟ್ಟುವ ವಿನ್ಯಾಸಕರಲ್ಲಿ ಕೇಳುವುದು ಇಷ್ಟು. ಜಾಹೀರಾತಿಗೆ ಸುದ್ದಿಯ ಫಾಂಟನ್ನೂ ಮಾಸ್ಟ್‌ಹೆಡ್ಡನ್ನೂ ಕೊಡಬೇಡಿ. ‘ಜಾಹೀರಾತು’ ಎಂಬ ಕನ್ನಡ ಪದವನ್ನೇ ಹಾಕಿ, ಸುದ್ದಿಯ ಅಕ್ಷರದಷ್ಟೇ ದೊಡ್ಡದಾಗಿ, ಬರಹದ ನಡುವೆ, ಕತ್ತರಿಸಿದರೆ ಬರಹವೇ ತುಂಡಾಗುವಂಥ ಜಾಗದಲ್ಲಿ ಹಾಕಿ. ನಿಮ್ಮ ಲೋಗೊ ಹೊತ್ತ ಪ್ರತಿ ನ್ಯೂಸ್ ಕಾರ್ಡಿನಲ್ಲೂ ಮೂಲ ವರದಿಗೆ ಕರೆದೊಯ್ಯುವ ಕ್ಯೂಆರ್ ಕೋಡ್ ಇರಲಿ. ವರಮಾನ ಕಡಿಮೆಯಾಗುತ್ತದೆ ಎಂಬುದು ನಿಜ. ಸುದ್ದಿಮನೆಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೂ ನಂಬಿಕೆ ಹೋದ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಲು ನಾಳೆ ಯಾರೂ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. 2021ರಲ್ಲೇ ಅವಧಿ ಮುಗಿದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಗಿದೆ. ಅದು ನಡೆಯುವ ಹೊತ್ತಿಗೆ ಈ ಜಿಲ್ಲೆಯಲ್ಲಿ ನೆಲದ ಸುಳ್ಳು ಮತ್ತು ಮತದ ಸುಳ್ಳು ಒಂದೇ ಚೌಕಟ್ಟಿನಲ್ಲಿ ಬರಲಿವೆ. ಈ ತಿದ್ದುಪಡಿ ಅದಕ್ಕೂ ಮೊದಲೇ ಆಗಬೇಕು.

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಓದುಗರಲ್ಲಿ ಒಂದು ವಿನಂತಿ. ಜಮೀನು ಸ್ವಾಧೀನದ ಸುದ್ದಿ ಎಷ್ಟೇ ಚಂದದ ಕಾರ್ಡಿನಲ್ಲಿ ಬಂದರೂ, ಕೆಐಎಡಿ ಕಾಯ್ದೆಯ 28(1) ಅಥವಾ 28(4)ನೆಯ ಕಲಮಿನ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದಿದೆಯೇ, ಅದರಲ್ಲಿ ನಿಮ್ಮ ಸರ್ವೆ ನಂಬರಿದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಸೈಟಿನ ಸುದ್ದಿಯಾದರೆ ಅದರ ರೇರಾ ನಂಬರನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ನೋಡಿ, ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ನೋಡಿ, ಭೂಪರಿವರ್ತನೆ ಆದೇಶದ ಪ್ರತಿ ಕೇಳಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಸಿ. ಇವೆಲ್ಲ ಕೈಗೆ ಬರುವವರೆಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ, ಒಂದು ಅಗ್ರಿಮೆಂಟಿಗೂ ಹೆಬ್ಬೆಟ್ಟು ಒತ್ತಬೇಡಿ.